ಮಂಗಳವಾರದ ತೋಟ

ಹೈದರಾಬಾದಿನ ಕಾಲೇಜಿನಲ್ಲಿ ಈಶಪ್ಪ ಕಲಿಸುತ್ತಿದ್ದ ವಿದ್ಯೆ ಏನೆಂದು ಶಹಾಪುರದವರಿಗೆ ತಿಳಿಸಿ ಹೇಳುವುದೇ ಒಂದು ಕಷ್ಟ. ಊರ ಜನ ದಣಿವಾರಿಸಿಕೊಳ್ಳಲು ತೋಟ ಹೇಗೆ ಹಾಕಬೇಕು, ನೆರಳು ಎಲ್ಲಿ ಬೀಳಬೇಕು, ಮುದುಕರು ಎಲ್ಲಿ ಕೂಡಬೇಕು, ಮಕ್ಕಳು ಎಲ್ಲಿ ಓಡಬೇಕು ಎಂದು ಅವನು ಉರ್ದುವಿನಲ್ಲಿ ಪಾಠ ಹೇಳುತ್ತಿದ್ದ.

"ಕುಂಡ್ರೂದು ಹ್ಯಾಂಗಂತ ಕಲಸಾಕ ಸರಕಾರ ಪಗಾರ ಕೊಡತಿತ್ತೇನಪಾ ಈಶಪ್ಪಾ?" ಎಂದು ಚಹಾದಂಗಡಿಯವರು ನಗುತ್ತಿದ್ದರು.

ನಿಜಾಮರ ಆಳಿಕೆ ಹೋಯಿತು, ಕಾಲೇಜಿನಿಂದ ಉರ್ದು ಹೋಯಿತು, ಅದರ ಬೆನ್ನಿಗೇ ಈಶಪ್ಪನ ತರಗತಿಯೂ ಹೋಯಿತು. ಊರಿಗೆ ಬಂದವನಿಗೆ ಪುರಸಭೆಯವರು ಕೆರೆದಂಡೆಯ ಕಲ್ಲುನೆಲ ತೋರಿಸಿ, ಏನಾದರೂ ಮಾಡಿಕೋ ಎಂದರು.

ಅವನು ತೋಟ ಮಾಡಿದ. ಬೇವು ಬೆಳೆಸಿದ, ಗುಡ್ಡಕ್ಕೆ ಮುಖಮಾಡಿ ಕಲ್ಲಿನ ಕಟ್ಟೆ ಹಾಕಿಸಿದ, ಸುತ್ತ ಗೋಡೆ ಎಬ್ಬಿಸಿದ. ಹೈದರಾಬಾದಿನ ರಿವಾಜಿನಂತೆ ವಾರದಲ್ಲಿ ಒಂದು ದಿನ, ಮಂಗಳವಾರ, ಹೆಂಗಸರಿಗೇ ಮೀಸಲಿಟ್ಟ. ಅಂದು ಬಾಗಿಲು ಕಾಯುವ ಅಲ್ಲಾಬಕ್ಷ ಸ್ವತಃ ಈಶಪ್ಪನನ್ನೂ ಒಳಗೆ ಬಿಡುತ್ತಿರಲಿಲ್ಲ. ಬುರ್ಖಾಗಳು ಬೇವಿನ ಟೊಂಗೆಗೆ ಏರುತ್ತಿದ್ದವು, ಸೆರಗುಗಳು ಹೆಗಲಿಗೆ ಇಳಿಯುತ್ತಿದ್ದವು. ಜೋಕಾಲಿಯ ಹಗ್ಗದ ಕಿರಕಿರ, ನಗು ಎಲ್ಲ ಗೋಡೆಯಾಚೆ ಕೇಳುತ್ತಿದ್ದವು.

"ಏ ದೇವಕಮ್ಮಾ, ನಿನ್ನ ಗಂಡ ಗಂಡಸರಿಗೆ ಆರು ದಿನ ಕೊಟ್ಟು ನಮಗೊಂದ ಕೊಟ್ಟಾನಲ್ಲ! ಹಿಸೆ ಮಾಡೂದು ಯಾರು ಕಲಸ್ಯಾರವಗ?" ಎಂದು ಗೌಹರಬೇಗಂ ಕೂಗುತ್ತಿದ್ದಳು.

"ಮನ್ಯಾಗ ಅದೂ ಸಿಗೂದಿಲ್ಲ ಬೇಗಂ, ಸುಮ್ನ ಜೀಕ್ರಿ!" ಎಂದು ಈಶಪ್ಪನ ಹೆಂಡತಿ ದೇವಕಮ್ಮ ಉತ್ತರ ಕೊಡುತ್ತಿದ್ದಳು.

ನಾಡು ಮೈಸೂರಿಗೆ ಸೇರಿದ ಮರುವರ್ಷ ಈಶಪ್ಪನಿಗೆ ಜೀವ ಬಂದಂತಾಯಿತು. ಹೊಸ ರಾಜ್ಯದ ಕಾಲೇಜೊಂದರಲ್ಲಿ ಅವನ ಪಾಠವನ್ನೇ ಶುರುಮಾಡುವ ವಿಚಾರವಿತ್ತು. ಬೆಂಗಳೂರಿನ ಅಧಿಕಾರಿಯೊಬ್ಬರು ಬುಧವಾರ ಬಂದು ತೋಟ ನೋಡುವವರಿದ್ದರು. ಅವರು ಒಪ್ಪಿದರೆ ಮತ್ತೆ ಕರಿಹಲಗೆ, ಮತ್ತೆ ಹುಡುಗರು. ಒಪ್ಪದಿದ್ದರೆ ಈ ವಯಸ್ಸಿನಲ್ಲಿ ಇನ್ನೊಮ್ಮೆ ಕರೆಯುವವರಿಲ್ಲ.

ಅಧಿಕಾರಿಯ ಜೀಪು ಮಂಗಳವಾರ ಮಧ್ಯಾಹ್ನವೇ ಬಂದು ನಿಂತಿತು.

"ಪ್ರೋಗ್ರಾಂ ಬದಲಾಯ್ತು ಕಣ್ರೀ. ಸಂಜೆ ಯಾದಗಿರಿಯಲ್ಲಿ ರೈಲು ಹಿಡೀಬೇಕು. ಬೇಗ ತೋರಿಸಿಬಿಡಿ."

"ಇವತ್ತ ಹೆಂಗಸರ ದಿನಾರಿ ಸಾಹೇಬ್ರ..."

"ಹಾಗಾದ್ರೆ ನಾನು ಹೊರಡಲಾ?"

ಈಶಪ್ಪ ಬಾಗಿಲ ಕಡೆ ನಡೆದ. ಅಲ್ಲಾಬಕ್ಷ ಅಗಳಿಯ ಮೇಲಿಟ್ಟ ಕೈ ತೆಗೆಯಲಿಲ್ಲ.

"ಸಾಬ್, ಕಲೆಕ್ಟರ್ ಬಂದ್ರೂ ಬಿಡಬ್ಯಾಡ ಅಂತ ನೀವ ಹೇಳೀರಿ."

"ಇವರು ಕಲೆಕ್ಟರ್ ಅಲ್ಲೋ. ತೆಗಿ."

ಅಗಳಿ ಸರಿದದ್ದೇ ಒಳಗೆ ನಗು ಕತ್ತರಿಸಿದಂತೆ ನಿಂತಿತು. ಬುರ್ಖಾಗಳು ಟೊಂಗೆಯಿಂದ ಇಳಿದವು, ಸೆರಗುಗಳು ತಲೆಗೇರಿದವು. ಬುತ್ತಿಯ ಗಂಟುಗಳನ್ನು ಬಗಲಲ್ಲಿ ಒತ್ತಿಕೊಂಡು ಕೆರೆಯ ಕಡೆಯ ಸಣ್ಣ ಬಾಗಿಲಿನಿಂದ ಒಬ್ಬೊಬ್ಬರೇ ಹೋದರು. ದೇವಕಮ್ಮ ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಅಧಿಕಾರಿ ಕಟ್ಟೆ ನೋಡಿದರು, ನೆರಳು ನೋಡಿದರು, ತಲೆದೂಗಿದರು.

"ಎಲ್ಲಾ ಚೆನ್ನಾಗಿದೆ. ಆದ್ರೆ ಜನ ಎಲ್ರೀ?"

"ಈಗ ಇದ್ದರಲ್ರೀ, ನೀವ ನೋಡಿದ್ರಿ..." ಈಶಪ್ಪ ಇನ್ನೂ ತೂಗುತ್ತಿದ್ದ ಜೋಕಾಲಿ ತೋರಿಸಿದ.

"ನಾವು ಬಂದ್ರೆ ಎದ್ದು ಓಡೋ ಜನಕ್ಕೆ ಪಾರ್ಕು ಯಾಕ್ರೀ? ನವಾಬರ ಕಾಲ ಮುಗೀತು. ಈ ಗೋಡೆ ಕಟ್ಟೋದನ್ನ ಹುಡುಗರಿಗೆ ಕಲಿಸ್ತೀರಾ?"

ರೈಲು ತಪ್ಪಬಾರದೆಂದು ಜೀಪು ಹೊರಟಿತು. ಕಾಲೇಜಿನಿಂದ ಈಶಪ್ಪನಿಗೆ ಕರೆ ಬರಲೇ ಇಲ್ಲ.

ಮುಂದಿನ ಮಂಗಳವಾರ ಅಲ್ಲಾಬಕ್ಷ ಎಂದಿನಂತೆ ಗಂಡಸರನ್ನು ಹಿಂದಕ್ಕೆ ಕಳಿಸಿ, ಬರಿದಾದ ತೋಟವನ್ನು ಕಾಯುತ್ತ ಕುಳಿತ. ಈಶಪ್ಪ ಮನೆಗೆ ಬಂದು, "ನೀನಾದ್ರೂ ಹೋಗ. ನೀ ಕುಂತಿದ್ದು ನೋಡಿ ಉಳಿದವರು ಬರತಾರ" ಎಂದ.

ದೇವಕಮ್ಮ ಬಡಿಯುತ್ತಿದ್ದ ರೊಟ್ಟಿಯಿಂದ ಕೈ ಎತ್ತಲಿಲ್ಲ.

"ಹೋಗಿ ಏನ ಮಾಡ್ಲಿ? ಯಾವಾಗ ಬಾಗಲಾ ತೆಗೀತಾರಂತ ನೋಡಕೋತ ಕುಂಡ್ರಲೇನ್ರಿ?"

ಮಳೆಗಾಲ ಬರುವ ಹೊತ್ತಿಗೆ ಈಶಪ್ಪ ಮಂಗಳವಾರವನ್ನೂ ಗಂಡಸರಿಗೆ ಬಿಟ್ಟುಕೊಟ್ಟ. ಬೇವಿನ ಕೆಳಗೆ ಇಸ್ಪೀಟು ಶುರುವಾಯಿತು. ತಲೆಗೆ ಬಡಿಯುತ್ತದೆಂದು ಆಟದವರು ಗೊಣಗಿದ್ದಕ್ಕೆ, ಜೋಕಾಲಿಯ ಹಗ್ಗವನ್ನು ಈಶಪ್ಪನೇ ಮರ ಹತ್ತಿ ಬಿಚ್ಚಿದ.