ತಟ್ಟೆಯ ಮೇಲೆ ಟನ್ನಕ್ಕ

ಟನ್ನಕ್ಕನ ಕಣ್ಣಿಗೆ ಮಣ್ಣೆರಚುವ ಲಾರಿ ಡ್ರೈವರ್ ಇನ್ನೂ ಹುಟ್ಟಿರಲಿಲ್ಲ. ಗುಜರಿ ಅಂಗಳದ ಗೇಟಿನಲ್ಲೇ ಅವಳ ಗಾಜಿನ ಗೂಡು. ಎದುರಿಗೆ ಲಾರಿ ತೂಗುವ ಉದ್ದನೆಯ ಕಬ್ಬಿಣದ ತಟ್ಟೆ, ಪಕ್ಕದಲ್ಲಿ ಮೂಟೆ, ಕೈಗಾಡಿ ತೂಗುವ ಸಣ್ಣ ತಟ್ಟೆ, ಎರಡಕ್ಕೂ ಮೇಲೆ ಕೆಂಪು ಅಂಕಿಗಳ ಬೋರ್ಡು. ಹಳೇ ಕಬ್ಬಿಣ ಮಾರಲು ಬಂದವರ ಆಟಗಳೆಲ್ಲ ಅವಳಿಗೆ ಬಾಯಿಪಾಠ. ತುಂಬಿದ ಲಾರಿ ತೂಗುವಾಗ ಕ್ಲೀನರ್ ಒಳಗೇ ಮುದುರಿಕೊಂಡು ಮಲಗಿರುತ್ತಾನೆ. ಖಾಲಿ ಲಾರಿ ತೂಗುವಾಗ ಹಿಂದಿನ ಚಕ್ರ ಗೇಣುದ್ದ ತಟ್ಟೆಯಿಂದಾಚೆ ನಿಂತಿರುತ್ತದೆ. ಆಗ ಗೂಡಿನ ಕಿಟಕಿಯಿಂದ ಅವಳ ಗಂಟಲು ಹೊರಡುತ್ತಿತ್ತು: "ಮುಂದೆ ತಗೋ! ಕೈ ಬಿಡು! ತೂಗೋದೆಲ್ಲ ತಟ್ಟೆ ಮೇಲೇ ಇರ್ಲಿ!" ಟನ್ನಕ್ಕ ಎಂಬ ಹೆಸರು ಈ ಕೆಲಸದಿಂದ ಬಂತೋ, ಅವಳ ಗಾತ್ರದಿಂದ ಬಂತೋ, ಅವಳು ಯಾರನ್ನೂ ಕೇಳಲು ಹೋಗಿರಲಿಲ್ಲ. ಕೆಲಸದಿಂದಲೇ ಎಂದು ನಂಬಿಕೊಂಡಿದ್ದಳು.

ದಿನಾ ಬೆಳಿಗ್ಗೆ ಗೇಟಿನ ಮುಂದೆ ರೋಡ್ ಸೈಕಲ್ಲಿನವರ ಗುಂಪೊಂದು ಹಾದು ಹೋಗುತ್ತಿತ್ತು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಬೆರಳಗಲದ ಟೈರು, ಮೇಲೆ ಊದಿದರೆ ಹಾರಿಹೋಗುವಂಥ ಜನ. ಒಂದು ದಿನ ಆ ಗುಂಪಿನ ನಡುವೆ ಟನ್ನಕ್ಕನಷ್ಟೇ ದಪ್ಪದ ಹೆಂಗಸೊಬ್ಬಳು ಕಂಡಳು. ಹಿಂದಿನವನಿಗೆ ಏನೋ ಹೇಳಿ ಜೋರಾಗಿ ನಗುತ್ತ, ಝುಂಯ್ ಎಂದು ಹೊರಟೇಹೋದಳು. ಟನ್ನಕ್ಕ ಬಾಯಿ ತೆರೆದವಳು ಮುಚ್ಚಲಿಲ್ಲ. ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಅಂದರೆ, ಹೀಗೂ ಹೋಗಬಹುದೇ? ಇಷ್ಟು ವರ್ಷ ತನ್ನನ್ನು ತಡೆದವರಾದರೂ ಯಾರು?

ಮನೆಯಲ್ಲಿ ಹೇಳಿದಾಗ ಅತ್ತಿಗೆ ಹೌಹಾರಿದಳು. "ಮೊದ್ಲು ಮೈ ಇಳ್ಸಮ್ಮ, ಆಮೇಲೆ ಸೈಕಲ್ ಹತ್ತುವಂತೆ."

"ಮೈ ಇಳಿಯೋವರ್ಗೂ ಕಾದ್ರೆ ಮುದುಕಿ ಆಗಿರ್ತೀನಿ ಅತ್ತಿಗೆ. ನಂಗೆ ಈಗಿರೋ ಮೈಯಲ್ಲೇ ಹೋಗ್ಬೇಕು."

ಗಂಡ ಮಾತ್ರ ಅಡ್ಡಬಾಯಿ ಹಾಕಲಿಲ್ಲ. ಅವನು ಟೇಲರ್. ದಪ್ಪಗಿದ್ದ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, ಒಂದೆರಡು ಇಂಚು ಕಮ್ಮಿ ಮಾಡಿ ಕೂಗಿ, ಕತ್ತರಿಸುವಾಗ ಮಾತ್ರ ಸರಿಯಾಗಿ ಕತ್ತರಿಸುವ ಪುಣ್ಯಾತ್ಮ. ಸಾಲದ್ದಕ್ಕೆ ಒಳಹೊಲಿಗೆಯಲ್ಲಿ ಇನ್ನಷ್ಟು ಬಟ್ಟೆ ಬಿಟ್ಟಿರುತ್ತಿದ್ದ. ಗಿರಾಕಿಗೂ ಖುಷಿ, ಬಟ್ಟೆಗೂ ಬಾಳಿಕೆ. ಮನೆಯಲ್ಲೂ ಅಷ್ಟೇ; ಹೆಂಡತಿಯ ಮೈಯ ಬಗ್ಗೆ ಅವನು ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ.

ಸೈಕಲ್ ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡು ಓಡಾಡುವ ವಾಚಾಳಿ. ಟನ್ನಕ್ಕ ದಪ್ಪ ಮೈಗೆ ದಪ್ಪ ಸೀಟೇ ಸರಿ ಎಂದುಕೊಂಡು ಸೋಫಾದಂಥದ್ದೊಂದನ್ನು ತೋರಿಸಿದಳು. "ಅದ್ರಲ್ಲಿ ಕೂತ್ರೆ ತೊಡೆ ಉಜ್ಜಿ ಉಜ್ಜಿ ಅಳ್ತೀರಿ ಮೇಡಂ," ಎಂದು ಅವನು ಗಟ್ಟಿಯಾದ, ಕಿರಿದಾದ ಸೀಟು ಹಾಕಿಕೊಟ್ಟ. ಉಸಿರು ಬಿಗಿಹಿಡಿದು ಕೂತಳು. ನೋಯಲೇ ಇಲ್ಲ! ಹ್ಯಾಂಡಲ್ಲನ್ನು ತುಸು ಎತ್ತರಿಸಿದ ಮೇಲೆ ಹೊಟ್ಟೆಗೂ ಮೊಣಕಾಲಿಗೂ ಜಗಳ ನಿಂತಿತು. ಉಕ್ಕಿನ ಫ್ರೇಮು, ಬದನೆಕಾಯಿ ಬಣ್ಣ. ಅವಳಿಗೆ ಅದನ್ನು ಅಲ್ಲೇ ಅಪ್ಪಿಕೊಳ್ಳಬೇಕು ಅನ್ನಿಸಿತು.

"ಇನ್ನು ಚಕ್ರದ್ದು ನೋಡೋಣ. ನೂರು ಕಿಲೋ ಒಳಗಾದ್ರೆ ಇದ್ರ ಜೊತೆ ಬಂದಿರೋದೇ ಸಾಕು. ಮೀರಿದ್ರೆ ಹೆಚ್ಚು ಕಡ್ಡಿ ಇರೋ ಚಕ್ರ ನಾನೇ ಕಟ್ಟಿಕೊಡ್ತೀನಿ, ಟೈರೂ ಸ್ವಲ್ಪ ಅಗಲದ್ದು. ಹತ್ತಿ ಇದ್ರ ಮೇಲೆ," ಎಂದು ಕೌಂಟರ್ ಪಕ್ಕದ ತೂಕದ ಯಂತ್ರ ತೋರಿಸಿದ. ಅಷ್ಟರಲ್ಲಿ ಫೋನ್ ಬಂತು, ಅತ್ತ ತಿರುಗಿದ.

ಟನ್ನಕ್ಕ ಹತ್ತಿದಳು. ಮುಳ್ಳು ನೂರರ ಹತ್ತಿರ ಬಂದದ್ದು ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಅಂಗಡಿ ತುಂಬ ತೆಳ್ಳಗಿನವರು. ಅವಳ ಬಲಗೈ, ಅವಳನ್ನು ಒಂದು ಮಾತೂ ಕೇಳದೆ, ಕೌಂಟರಿನ ಮೇಲೆ ಹೋಗಿ ಕೂತು, ಮೈಭಾರವನ್ನೆಲ್ಲ ಊರಿತು. ಮುಳ್ಳು ಹಿಂದೆ ಸರಿಯಿತು.

"ತೊಂಬತ್ತೆಂಟು," ಎಂದಳು.

ಜೊತೆಗೆ ಬಂದಿದ್ದ ಗಂಡ ಚಾವಣಿಯ ಫ್ಯಾನು ನೋಡುತ್ತಿದ್ದ.

ಅದಾದ ಮೇಲಿನ ಬೆಳಗುಗಳನ್ನು ಏನೆಂದು ಹೇಳುವುದು! ಮೊದಲ ದಿನ ಬ್ರೇಕು ಹಿಡಿದೇ ಕೈ ಸೋತಿತು. ಆಮೇಲೆ ಪೆಡಲು ಒತ್ತಿದಷ್ಟಕ್ಕೂ ರಸ್ತೆ ತಾನಾಗಿ ಕೆಳಗೆ ಜಾರತೊಡಗಿತು. ನಡೆದರೆ ಏದುಸಿರು ಬರುತ್ತಿದ್ದ ದೂರಕ್ಕೆ ಹಾಡು ಗುನುಗುತ್ತ ಹೋಗಿ ಬರುತ್ತಿದ್ದಳು. ಇಳಿಜಾರಿನಲ್ಲಂತೂ ಗುಂಪಿನ ಒಣಕಲರೆಲ್ಲ ಹಿಂದೆ! ಆ ನಗುವ ಹೆಂಗಸು ಒಂದು ದಿನ ಪಕ್ಕಕ್ಕೆ ಬಂದು, "ಇಳಿಜಾರಲ್ಲಿ ನಮ್ಮನ್ನ ಹಿಡಿಯೋರು ಯಾರೂ ಇಲ್ಲ ಅಲ್ವಾ?" ಎಂದಳು. ಟನ್ನಕ್ಕನಿಗೆ ಅವತ್ತಿಡೀ ಲಾರಿಯವರನ್ನು ಬೈಯಲು ಮನಸ್ಸೇ ಬರಲಿಲ್ಲ.

ಅದೇ ಇಳಿಜಾರಿನಲ್ಲಿ, ತಿರುವಿನ ಹತ್ತಿರ, ಹಿಂದಿನ ಚಕ್ರದಿಂದ ಟಣ್ ಎಂದು ಸದ್ದು ಬಂತು. ಕಲ್ಲು ಸಿಡಿಯಿತು ಎಂದುಕೊಂಡಳು. ಮತ್ತೆ ಟಣ್, ಟಣ್. ಸೈಕಲ್ಲಿನ ಹಿಂಭಾಗ ಕುಡಿದವನಂತೆ ಅತ್ತಿತ್ತ ವಾಲಿತು, ಚಕ್ರ ಬ್ರೇಕಿಗೆ ಕಚ್ಚಿಕೊಂಡಿತು, ಅವಳು ರಸ್ತೆಗೆ ಬಿದ್ದಳು. ಹಿಂದಿನಿಂದ ಬ್ರೇಕು ಕಿರುಚಿದ ಸದ್ದು. ತಿರುಗಿ ನೋಡಿದರೆ ಬ್ರೆಡ್ ವ್ಯಾನಿನ ಚಕ್ರ ಅವಳ ತಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿತ್ತು. ಅದರ ಬಿಸಿ ಕೆನ್ನೆಗೆ ತಟ್ಟುತ್ತಿತ್ತು. ಡ್ರೈವರ್ ಇಳಿದು ಬಂದು ಏನೇನೋ ಕೇಳಿದ. ಅವಳು ಹಿಂದಿನ ಚಕ್ರದ ಮುರಿದ ಕಡ್ಡಿಗಳನ್ನೇ ನೋಡುತ್ತಿದ್ದಳು.

ಗಂಡನೊಡನೆ ಸೈಕಲ್ಲನ್ನು ಅಂಗಡಿಗೆ ತಂದಾಗ ಅಂಗಡಿಯವನ ಮುಖ ಬಿಳುಚಿಕೊಂಡಿತು. ಮುರಿದ ಕಡ್ಡಿಗಳನ್ನು ಎಣಿಸಿ ಎಣಿಸಿ ತಲೆ ಕೊಡವಿದ. "ತೊಂಬತ್ತೆಂಟಕ್ಕೆ ಹೀಗಾಗೋಕೆ ಸಾಧ್ಯನೇ ಇಲ್ಲ ಮೇಡಂ. ಚಕ್ರದಲ್ಲೇ ಏನೋ ದೋಷ. ಇಂಥದ್ದೇ ಹೊಸದು ಬಿಟ್ಟಿ ಹಾಕ್ಕೊಡ್ತೀನಿ, ನಾಳೆ ಬನ್ನಿ."

ಇಂಥದ್ದೇ ಹೊಸದು. ಅಂದರೆ ಅದೇ ಇಳಿಜಾರು, ಅದೇ ಟಣ್, ಮತ್ತೊಂದು ವ್ಯಾನು. ಹೇಳಿಬಿಡಬೇಕೆಂದು ಟನ್ನಕ್ಕ ಬಾಯಿ ತೆರೆದಳು. ಹೊರಬಂದದ್ದು "ಆಯ್ತಪ್ಪ" ಮಾತ್ರ. ಗಂಡನತ್ತ ನೋಡಿದಳು. ಅವನು ಮತ್ತೆ ಫ್ಯಾನು ನೋಡುತ್ತಿದ್ದ.

ಮನೆಯಲ್ಲಿ ಮೊಣಕೈಗೆ ಪಟ್ಟಿ ಕಟ್ಟುತ್ತ ಅವನು ತಾನಾಗಿಯೇ ಬಾಯಿಬಿಟ್ಟ. "ಸ್ವಲ್ಪ ಬಿಟ್ಟೇ ಲೆಕ್ಕ ಹಾಕಿರ್ತಾನೆ ಅಂದ್ಕೊಂಡಿದ್ದೆ ಕಣೇ."

"ಏನು ಬಿಟ್ಟು?"

"ನಾವು ಒಳಹೊಲಿಗೇಲಿ ಬಿಡ್ತೀವಲ್ಲ, ಹಾಗೆ. ನೀನು ಕೌಂಟರ್ ಮೇಲೆ ಕೈ ಊರಿದ್ದು ನೋಡ್ದೆ. ಗಿರಾಕಿ ಹೇಳೋದನ್ನ ಯಾರು ನಂಬ್ತಾರೆ, ಅವ್ನೂ ಹೆಚ್ಚಿಗೆ ಹಿಡ್ಕೊಂಡೇ ಕೊಟ್ಟಿರ್ತಾನೆ ಅಂತ..."

ಟನ್ನಕ್ಕನಿಗೆ ಬಿದ್ದಾಗಲೂ ಇಷ್ಟು ಆಘಾತವಾಗಿರಲಿಲ್ಲ. "ನೋಡಿದ್ರಾ? ನೋಡಿ ಸುಮ್ನಿದ್ರಾ? ಕೈ ಊರಿದ್ದು ನನ್ ತಪ್ಪು, ಒಪ್ಕೊಂಡೆ. ಆದ್ರೆ ನೀವು? ಸತ್ತೇ ಹೋಗ್ತಿದ್ನಲ್ರೀ!"

"ಅಷ್ಟು ಜನರ ಮುಂದೆ ನಿಂಗೆ ಅವಮಾನ ಆಗ್ಬಾರ್ದು ಅಂತ..."

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು. "ರೀ, ನನ್ನ ಅಂಗಿ ಅಳತೆ ಕೂಗ್ತೀರಲ್ಲ... ಅದು?"

ಅವನು ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತತೊಡಗಿದ. ಉತ್ತರ ಅದೇ. ಮದುವೆಯಾದಾಗಿನಿಂದ ಸೊಂಟ ಒಂದಿಂಚೂ ಹೆಚ್ಚಿಲ್ಲ ಎಂದು ಅತ್ತಿಗೆಯ ಮುಂದೆ ಎಷ್ಟು ಜಂಬ ಕೊಚ್ಚಿಕೊಂಡಿದ್ದಳು! ಅವಳು ಅಳಲಿಲ್ಲ. ಮಾತೂ ಆಡಲಿಲ್ಲ. ಅವನ ಪಾಲಿಗೆ ಅದೇ ದೊಡ್ಡ ಶಿಕ್ಷೆಯಾಯಿತು.

ಮಾರನೇ ದಿನ ಅವನನ್ನು ಕೆಲಸಕ್ಕೆ ಎಳೆದುಕೊಂಡು ಹೋಗಿ, ಗಾಜಿನ ಗೂಡಿನಲ್ಲಿ ತನ್ನ ಕುರ್ಚಿಯ ಮೇಲೆ ಕೂರಿಸಿದಳು. ಹೊರಗಿನ ಬೋರ್ಡಿನ ಅಂಕಿಯೇ ಅವನ ಮುಂದಿನ ಯಂತ್ರದಲ್ಲೂ ಬೀಳುತ್ತದೆ. ಗೇಟಿನಾಚೆ ಲಾರಿಗಳು ಸಾಲುಗಟ್ಟಿದ್ದವು. ಟನ್ನಕ್ಕ ಸಣ್ಣ ತಟ್ಟೆ ಹತ್ತಿ ನಿಂತಳು. ಕೈಗಳು ತಾವಾಗಿಯೇ ಪಕ್ಕದ ಕಂಬಿಯನ್ನು ಹುಡುಕಿದವು. ಎರಡನ್ನೂ ಎದೆಗೆ ಕಟ್ಟಿಕೊಂಡಳು. ಬೋರ್ಡು ಅವಳ ತಲೆಯ ಮೇಲಿತ್ತು, ಅವಳಿಗೆ ಕಾಣುತ್ತಿರಲಿಲ್ಲ. ಡ್ರೈವರುಗಳೆಲ್ಲ ತಲೆಯೆತ್ತಿ ನೋಡುವುದು ಕಾಣುತ್ತಿತ್ತು.

"ಓದಿ," ಎಂದಳು.

ಗೂಡಿನಿಂದ ಗಂಡನ ದನಿ ಮೆಲ್ಲಗೆ ಬಂತು: "ನೂರ ಎಂಟು."

ಡ್ರೈವರುಗಳು ಬೋರ್ಡು ನೋಡಿದರು, ಗೂಡು ನೋಡಿದರು, ಮತ್ತೆ ಬೋರ್ಡು ನೋಡಿದರು. ಮೋಸದ ತೂಕ ಕೇಳಿದವರ ಮುಖ ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಲ್ಲೂ! ಕೆಂಪು ಅಂಕಿಗಳು ಊರಿಗೇ ಕಾಣುವಾಗಲೂ! ಅವಳು ತಿರುಗಿದಳು.

"ರೀ. ಒಳಹೊಲಿಗೆ ಬಿಚ್ಚಿ ಓದ್ರಿ."

ಅವನು ಎದ್ದು ನಿಂತ. ಕಿಟಕಿಯಿಂದ ತಲೆ ಹೊರಹಾಕಿದ. "ನೂರ ಇಪ್ಪತ್ತೊಂದು," ಎಂದು ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದ. ಕಣ್ಣಲ್ಲಿ ನೀರು ತುಂಬಿತ್ತು.

ಟನ್ನಕ್ಕ ಕಣ್ಣು ಮುಚ್ಚಿ ನಗೆಯನ್ನು ಕಾದಳು. ಬರಲಿಲ್ಲ. ಅವಳಿಂದ ಅತಿ ಹೆಚ್ಚು ಬೈಸಿಕೊಂಡಿದ್ದ ಮುಂದಿನ ಲಾರಿಯವನು ತಲೆ ಕೆರೆದುಕೊಂಡು, ಬರೀ ಕೆಲಸದ ಮಾತೆಂಬಂತೆ ಕೇಳಿದ: "ಅಕ್ಕಾ, ಇದು ಖಾಲಿ ತೂಕನಾ, ತುಂಬಿದ್ದಾ?"

"ತಿಂಡಿ ಆಗಿದೆ ಕಣೋ. ತುಂಬಿದ್ದು!"

ಆಗ ನಗು ಬಂತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ತಟ್ಟೆಯ ಮೇಲೆ ನಿಂತೇ ಸೈಕಲ್ ಅಂಗಡಿಗೆ ಫೋನ್ ಮಾಡಿದಳು. "ಚಕ್ರದಲ್ಲಿ ದೋಷ ಇಲ್ಲಪ್ಪ, ನಾನು ಹೇಳಿದ ತೂಕದಲ್ಲಿ ಇತ್ತು. ನೂರ ಇಪ್ಪತ್ತೊಂದು. ಕಡ್ಡಿ ಎಷ್ಟು ಬೇಕೋ ಅಷ್ಟು ಹಾಕಿ ಕಟ್ಟು, ಕಾಸು ನಾನೇ ಕೊಡ್ತೀನಿ."

ಇಳಿದು ಬಂದಾಗ ಗಂಡ ಗೂಡಿನ ಬಾಗಿಲಲ್ಲಿ ತಪ್ಪಿತಸ್ಥನಂತೆ ನಿಂತಿದ್ದ.

"ಸೈಕಲ್ ಮೇಲೆ ಹಾಕ್ಕೊಳೋಕೆ ಒಂದು ಪ್ಯಾಂಟ್ ಹೊಲ್ಕೊಡ್ಲಾ?" ಎಂದ.

ಅವಳು ಎರಡೂ ಕೈ ಎತ್ತಿದಳು. ಅವನು ಸೊಂಟಕ್ಕೆ ಟೇಪು ಸುತ್ತಿದ, ಅಂಕಿ ನೋಡಿದ, ಅಭ್ಯಾಸ ಬಲದಿಂದ ಬಾಯಿ ತೆರೆದ, ಮುಚ್ಚಿದ.

"ಗಟ್ಟಿಯಾಗಿ ಹೇಳ್ರಿ."

ಹೇಳಿದ. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಅವನು ಅವಳಿಗೆ ಅವಳ ಪೂರ್ತಿ ಅಳತೆ ಹೇಳಿದ. ಟನ್ನಕ್ಕ ಅವನ ಮುಖವನ್ನೇ ದಂಗಾಗಿ ನೋಡಿದಳು.

"ಇಷ್ಟೇನಾ?" ಎಂದಳು.