ಮರಿ ಮೊದಲು

ರಾಯಚೂರಿನಿಂದ ಕಲ್ಲೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದರೂ ಪ್ರಿಯದರ್ಶಿನಿಗೆ ಕೂತಂತೆ ಆಗಿರಲಿಲ್ಲ. ನಿಲ್ದಾಣ ಬಿಡುವಾಗ ಒಮ್ಮೆ ಫೋನ್ ತೆಗೆದು ನೋಡಿದಳು, ಊರು ದಾಟುವಾಗ ಇನ್ನೊಮ್ಮೆ, ಪಕ್ಕದ ಹೆಂಗಸು ‘ಯಾಕವ್ವಾ, ಯಾರದರ ಫೋನ್ ಬರೋದದೇನು’ ಎಂದು ಕೇಳಿದ ಮೇಲೆ ಮತ್ತೊಮ್ಮೆ. ಪರದೆಯ ಮೇಲೆ ಅದೇ ಸಾಲು ಕೂತಿತ್ತು: ರೇವಣಸಿದ್ದನ ಪಾಳಿ.

ರೇವಣಸಿದ್ದ ಅವಳ ತಮ್ಮ, ಸೈನ್ಯದಲ್ಲಿ ಸಿಪಾಯಿ. ಉತ್ತರದ ಯಾವುದೋ ಹಿಮದ ಬೆಟ್ಟದ ಮೇಲೆ ಕಾವಲು ಅವನ ಕೆಲಸ. ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನು. ಫೋನ್ ಮಾಡಿದರೆ ಅವನ ಮಾತು ‘ಉಂಡೆಯೇನು’ ಎಂಬಲ್ಲಿ ಶುರುವಾಗಿ ‘ಫೋನ್ ಇಡ್ಲೇನು’ ಎಂಬಲ್ಲಿ ಮುಗಿಯುತ್ತಿತ್ತು. ಅಕ್ಕತಮ್ಮಂದಿರ ನಿಜವಾದ ಮಾತುಕತೆಯೆಲ್ಲ ನಡೆಯುತ್ತಿದ್ದದ್ದು ಒಂದು ಮೊಬೈಲ್ ಆಟದಲ್ಲಿ.

ಆ ಆಟದ ಸೈನಿಕರಿಗೆ ಬಂದೂಕೂ ಉಂಟು, ಮಂತ್ರವೂ ಉಂಟು. ಹಾರಿ ಬರುವ ಡ್ರೋನನ್ನು ಗುಂಡಿಟ್ಟು ಕೆಡವಬಹುದು, ಇಲ್ಲವೇ ಮಂತ್ರ ಹಾಕಿ ಕಲ್ಲು ಮಾಡಬಹುದು. ಗಡಿಬಿಡಿ ಇಲ್ಲ. ಒಬ್ಬರು ತಮ್ಮ ಪಾಲಿನ ಸೈನಿಕರನ್ನು ನಡೆಸಬೇಕು, ಆಮೇಲೆ ಇನ್ನೊಬ್ಬರ ಪಾಳಿ, ಕೊನೆಗೆ ವೈರಿಯದು. ಒಬ್ಬರು ಆಡುವ ತನಕ ಉಳಿದ ಲೋಕವೆಲ್ಲ ಕಲ್ಲಾಗಿ ನಿಂತಿರುತ್ತದೆ. ಬೆಟ್ಟದ ಮೇಲಿನವನಿಗೆ ಹೇಳಿ ಮಾಡಿಸಿದಂಥ ಆಟ. ಸಿಗ್ನಲ್ ಸಿಗುವ ಜಾಗಕ್ಕೆ ಇಳಿದು ಬಂದಾಗ ಒಂದು ನಡೆ ನಡೆಸಿ ಹೋಗುತ್ತಿದ್ದ. ಒಂದೇ ಕಟ್ಟಳೆ: ವಾರದೊಳಗೆ ಆಡದಿದ್ದರೆ ದಳವೆಲ್ಲ ಸತ್ತ ಲೆಕ್ಕ. ಅಲ್ಲಿ ಸತ್ತವರು ಮತ್ತೆ ಏಳುವುದಿಲ್ಲ.

ನಾಲ್ವರು ಸೈನಿಕರಿಗೂ ಹೆಸರಿಟ್ಟವನು ರೇವಣಸಿದ್ದನೇ. ಅವನ ಪಾಲಿಗೆ ಬಂದ, ಬೆಂಕಿ ಉಗುಳುವ ಮಂತ್ರಗಾರ್ತಿಗೆ ಹೆತ್ತ ತಾಯಿ ಮಾರೆಮ್ಮನ ಹೆಸರು; ಕಾರಣ ಮನೆಯವರಿಗೆಲ್ಲ ಗೊತ್ತು. ದೂರದಿಂದ ಗುರಿಯಿಡುವವನು ಮಾಳಿಂಗಪ್ಪ, ಒಂದು ಕಣ್ಣು ಮುಚ್ಚಿಕೊಂಡೇ ಮಾತಾಡುವ ನೆರೆಮನೆಯವನು. ಅಕ್ಕನ ಪಾಲಿನ ಮಷಿನ್‌ಗನ್ನಿನವನು ವೆಂಕೋಬ, ಯಾಕೆಂದರೆ ಊರಿನ ಕಿರಾಣಿ ಅಂಗಡಿಯ ವೆಂಕೋಬನ ಬಾಯಿಗೂ ಬಿಡುವಿಲ್ಲ. ಇನ್ನೊಬ್ಬಳು ಗಾಯ ಮಾಯಿಸುವ ಸಣ್ಣ ಹುಡುಗಿ, ಬಂದೂಕು ಎತ್ತಲಾರಳು, ಒಂದು ಗುಂಡು ತಾಗಿದರೆ ಮುಗಿಯಿತು. ಅವಳ ಹೆಸರು ಮರಿ.

ಜಗಳ ಬಂದದ್ದು ಈ ಮರಿಯ ಮೇಲೆಯೇ. ಮಸರಕಲ್‌ನ ಅವರ ಮನೆಯಲ್ಲಿ ಕುರಿ ಹಿಂಡು ಹಳ್ಳ ದಾಟಿಸುವ ಒಂದು ಕ್ರಮವಿದೆ. ಕುರಿ ನೀರು ಕಂಡರೆ ಹೆಜ್ಜೆ ಇಡುವುದಿಲ್ಲ. ಬಡಿದರೂ ಇಲ್ಲ, ಎಳೆದರೂ ಇಲ್ಲ. ಅಪ್ಪ ಪರಮಣ್ಣ ಒಂದು ಮರಿಯನ್ನು ಎತ್ತಿಕೊಂಡು ಹೋಗಿ ಆಚೆ ದಡದಲ್ಲಿ ಬಿಡುತ್ತಿದ್ದ. ಮರಿ ಒದರುತ್ತಿತ್ತು, ತಾಯಿ ನೀರಿಗೆ ಬೀಳುತ್ತಿತ್ತು, ತಾಯಿಯ ಹಿಂದೆ ಹಿಂಡೆಲ್ಲ. ಆಟದಲ್ಲೂ ರೇವಣಸಿದ್ದನದು ಅದೇ ರೂಢಿ. ದಾಟುವ ಜಾಗ ಬಂದರೆ ಸಾಕು, ಬರೆಯುತ್ತಿದ್ದ: ‘ಅಕ್ಕಾ, ಮರಿ ಮೊದಲು.’ ಅವನ ಮಾತು ಕೇಳಿ ಎಷ್ಟೋ ಆಟ ಸೋತು ಮೊದಲಿನಿಂದ ಶುರು ಮಾಡಿದ್ದರು. ಕಳೆದ ಭಾನುವಾರ ಮುರಿದ ಸೇತುವೆಯೊಂದು ಎದುರಾಗಿ ಅವನು ಮತ್ತೆ ಅದನ್ನೇ ಬರೆದಾಗ ಪ್ರಿಯದರ್ಶಿನಿಗೆ ರೇಗಿತು. ‘ಇದು ಯುದ್ಧ, ಕುರಿ ಕಾಯೋದಲ್ಲ. ಮಿಲಿಟ್ರಿಗೆ ಹೋದರೂ ನಿನ್ನ ಕುರಿಕಾಯೋ ಬುದ್ಧಿ ಹೋಗಿಲ್ಲ’ ಎಂದು ಬರೆದು, ತನ್ನ ನಡೆ ಮುಗಿಸಿ ಫೋನ್ ಮುಚ್ಚಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಯಚೂರಿನಲ್ಲಿ ಕೋಣೆ ಹಿಡಿದು, ಕಲ್ಲೂರಿನ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ಮಕ್ಕಳಿಗೆ ಈ ಗಾದೆಯನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದವಳೇ ಅವಳು.

ಆಮೇಲೆ ತಮ್ಮ ಆಡಲಿಲ್ಲ. ಫೋನ್ ಸ್ವಿಚ್ ಆಫ್. ಟಿವಿಯಲ್ಲಿ ಆ ಬೆಟ್ಟದ ಕಡೆ ಹಿಮ ಕುಸಿದ ಸುದ್ದಿ ಬಂದು ಹೋಯಿತು. ಅವನ ದಳದ ಕಚೇರಿಗೆ ಫೋನ್ ಮಾಡಿದರೆ ‘ವಿಚಾರಿಸಿ ತಿಳಿಸುತ್ತೇವೆ’ ಎಂಬ ಉತ್ತರ. ಸಿಟ್ಟಾಗಿರಲಿ ದೇವರೇ, ಬರೀ ಸಿಟ್ಟಾಗಿರಲಿ ಎಂದು ಅವಳು ಬೇಡಿಕೊಂಡಳು. ತರಗತಿಯಲ್ಲಿ ನಿಂತಲ್ಲಿ ನಿಲ್ಲಲಾರದೆ ಬಾಗಿಲಿಗೂ ಬೋರ್ಡಿಗೂ ತಿರುಗಾಡುತ್ತಿದ್ದಳು.

ಇದರ ಮೇಲೆ ಮಾರೆಮ್ಮನ ಫೋನು. ಮಗ ಆಡಿದನೆಂದರೆ ಮಗ ಚೆನ್ನಾಗಿದ್ದಾನೆ ಎಂದು ಅವಳು ಲೆಕ್ಕ ಹಾಕಿಕೊಂಡು ಬಹಳ ಕಾಲವಾಗಿತ್ತು.

“ತಮ್ಮ ಆಡ್ಯಾನೇನು?”

“ಆಡ್ಯಾನ ಯವ್ವಾ.”

“ಹಂಗಾದ್ರ ಛಲೋ.”

ಹೀಗೆ ದಿನಾ ಬೆಳಿಗ್ಗೆ ಒಂದು ಸುಳ್ಳು. ಭಾನುವಾರ ದೇವದುರ್ಗದ ಬಸ್ಸು ಹಿಡಿದು ಮಸರಕಲ್‌ನಲ್ಲಿ ಇಳಿದಾಗ ಅವಳ ಹೊಟ್ಟೆಯಲ್ಲಿ ಸುಳ್ಳುಗಳ ಗಂಟೇ ಇತ್ತು. ಅಂದು ರಾತ್ರಿಗೆ ವಾರದ ಗಡುವೂ ಮುಗಿಯುವುದಿತ್ತು.

ಊಟಕ್ಕಿಟ್ಟ ಮಾರೆಮ್ಮ ಎದುರಿಗೆ ಕೂತು, “ಎಲ್ಲಿ, ತೋರ್ಸು” ಎಂದಳು.

ಪ್ರಿಯದರ್ಶಿನಿ ಫೋನ್ ಹಿಡಿದಳು. ಮಾರೆಮ್ಮನಿಗೆ ಓದು ಬಾರದು. ಆದರೆ ಕೆಂಪು ಸೆರಗಿನವಳು ತಾನೇ ಎಂಬುದನ್ನು ಮಗ ರಜೆಗೆ ಬಂದಾಗ ತೋರಿಸಿಕೊಟ್ಟಿದ್ದ. ಅಂದಿನಿಂದ, ಮಗಳು ಭಾನುವಾರ ಬಂದಾಗಲೆಲ್ಲ, ತಾನು ಎಲ್ಲಿ ನಿಂತಿದ್ದೇನೆ, ತನಗೆ ಪೆಟ್ಟು ಬಿದ್ದಿದೆಯೇ ಎಂದು ನೋಡದೆ ಬಿಟ್ಟವಳಲ್ಲ.

“ಹೋದ ಐತವಾರ ನಾ ಈ ಮುರುಕು ಗೋಡಿ ಹಿಂದ ನಿಂತಿದ್ದೆ” ಎಂದಳು. “ಇವತ್ತೂ ಅಲ್ಲೇ ನಿಂತೀನಲ್ಲ. ಅವ ಎಲ್ಲಿ ಆಡ್ಯಾನ ಮತ್ತ?”

ಪ್ರಿಯದರ್ಶಿನಿಯ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. “ಆಡಿಲ್ಲ ಯವ್ವಾ” ಎಂದಳು. “ವಾರ ಆತು.”

ಮಾರೆಮ್ಮ ಬೈಯಲಿಲ್ಲ, ಅದೇ ಹೆದರಿಕೆಯ ವಿಷಯ. ಬೈಗುಳವಿಲ್ಲದೆ ಅವಳನ್ನು ಕಂಡವರೇ ಊರಲ್ಲಿ ಇರಲಿಲ್ಲ. ಕಸಬರಿಗೆ ತೆಗೆದುಕೊಂಡು, ಆಗಲೇ ಗುಡಿಸಿದ್ದ ಅಂಗಳವನ್ನು ಮತ್ತೆ ಗುಡಿಸತೊಡಗಿದಳು. ಪರಮಣ್ಣ ಕುರಿ ಹಟ್ಟಿಯ ಬಾಗಿಲಿನ ಹಗ್ಗ ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ.

“ಹಂಪಣ್ಣ ಮಿಲಿಟ್ರ್ಯಾಗಿದ್ದು ಬಂದಾನ, ದೇವದುರ್ಗದಾಗ ಅದಾನ” ಎಂದಳು ಮಾರೆಮ್ಮ, ತಲೆಯೆತ್ತದೆ. “ಅವನ್ನ ಕೇಳ್ಕೊಂಡು ಬಾ. ಸುಳ್ಳು ಹೇಳಾಕ ಬರಬ್ಯಾಡ.”

ದೇವದುರ್ಗದ ಬಸ್ ನಿಲ್ದಾಣದ ಎದುರಿನ ಚಹಾ ಹೋಟೆಲಿನಲ್ಲಿ ಹಂಪಣ್ಣ ಸಿಕ್ಕ. ತನಗೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದ, ಹಿಂದಿಯಲ್ಲಿ ಗಟ್ಟಿಯಾಗಿ ಮಾತಾಡಿದ, ಕೊನೆಗೆ ಚಹಾ ತರಿಸಿಕೊಟ್ಟ. “ಕೆಟ್ಟದ್ದಾಗಿದ್ರ ಇಷ್ಟೊತ್ತಿಗೆ ಮನಿ ಬಾಗಿಲಿಗೆ ಸುದ್ದಿ ಬರ್ತಿತ್ತು ತಂಗಿ. ಬಂದಿಲ್ಲಲ್ಲ, ಸಮಾಧಾನ ಮಾಡ್ಕೋ.” ಸಮಾಧಾನವೆನ್ನುವುದು ಅಂಗಡಿಯಲ್ಲಿ ಸಿಗುವ ಸಾಮಾನೇನೂ ಅಲ್ಲ. ಅವಳು ಅರ್ಧ ಚಹಾ ಬಿಟ್ಟು ಎದ್ದಳು.

ಬಸ್ಸಿಗೆ ನಿಂತಾಗ ಫೋನ್ ಗುಂಯ್‌ಗುಟ್ಟಿತು. ‘ರೇವಣಸಿದ್ದ ಆಡಿದ್ದಾರೆ. ನಿಮ್ಮ ಪಾಳಿ.’

ಹಿಗ್ಗಿನಿಂದ ನಿಂತಲ್ಲೇ ಆಟ ತೆರೆದಳು. ಮಾರೆಮ್ಮ ಗೋಡೆ ಬಿಟ್ಟು ಹಿಂದೆ ಸರಿದು ಗಟ್ಟಿ ಕಟ್ಟಡದೊಳಗೆ ಸೇರಿದ್ದಳು. ಮಾಳಿಂಗಪ್ಪ ಮಾಳಿಗೆಯೇರಿ ಸೇತುವೆಗೆ ಗುರಿ ಇಟ್ಟಿದ್ದ. ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಗುಂಡು ದಂಡವಿಲ್ಲ. ಆಟ ಬಲ್ಲವರು ಯಾರು ನೋಡಿದರೂ ಭೇಷ್ ಎನ್ನುವಂಥ ನಡೆ.

ನೋಡುತ್ತ ನೋಡುತ್ತ ಅವಳ ಸಂತೋಷ ಇಳಿದುಹೋಯಿತು. ಇದು ರೇವಣನ ಕೈಯಲ್ಲ. ಅವನು ಹಿಂದೆ ಸರಿದವನೇ ಅಲ್ಲ. ಒಂದೋ ತನ್ನ ಮಾತು ನಾಟಿ ತಮ್ಮ ತನ್ನ ರೂಢಿಯನ್ನೇ ಬಿಟ್ಟಿದ್ದಾನೆ, ಇಲ್ಲವೇ ಅವನ ಫೋನ್ ಬೇರೆ ಯಾರದೋ ಕೈಯಲ್ಲಿದೆ. ಮೊದಲನೆಯದು ಚುಚ್ಚಿತು. ಎರಡನೆಯದನ್ನು ಅವಳು ಪೂರ್ತಿ ಯೋಚಿಸಲಾರದೆ ಹೋದಳು. ಫೋನ್ ಅಲ್ಲಿದೆ, ಫೋನಿನವನು ಎಲ್ಲಿ?

‘ರೇವಣಾ, ನೀನೇ ಏನು?’ ಎಂದು ಬರೆದಳು. ಉತ್ತರ ಬರಲಿಲ್ಲ. ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಮಸರಕಲ್‌ಗೆ ಫೋನ್ ಮಾಡಿ ‘ಆಡ್ಯಾನ’ ಎಂದು ಹೇಳಬಹುದಿತ್ತು. ಈಗ ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಬಾಯಿ ಬರಲಿಲ್ಲ. ‘ಹಂಪಣ್ಣ ವಿಚಾರಿಸ್ಯಾನ, ನಾಳಿ ಹೇಳ್ತೀನಿ’ ಎಂದಷ್ಟೇ ಹೇಳಿ ರಾಯಚೂರಿನ ಬಸ್ಸು ಹತ್ತಿದಳು.

ಗಬ್ಬೂರು ದಾಟುವ ಹೊತ್ತಿಗೆ ಅವಳಿಗೆ ಏನು ಮಾಡಬೇಕೆಂಬುದು ಹೊಳೆದಿತ್ತು. ಮರಿಯ ಮೇಲೆ ಬೆರಳಿಟ್ಟಳು. ವಾರದ ಹಿಂದೆ ಯಾವುದನ್ನು ಮೂರ್ಖತನವೆಂದು ಬೈದಿದ್ದಳೋ ಅದನ್ನೇ ಮಾಡಿದಳು: ಆಸರೆಯಿಲ್ಲದ ಆ ಸಣ್ಣ ಹುಡುಗಿಯನ್ನು ಮುರಿದ ಸೇತುವೆಯ ನಟ್ಟನಡುವೆ ತಂದು ಒಂಟಿಯಾಗಿ ನಿಲ್ಲಿಸಿದಳು. ಆಚೆ ದಡದಲ್ಲಿ ಡ್ರೋನುಗಳು. ಹೊಸ ಕೈಯಾದರೆ ಮರಿಯನ್ನು ಬಿಟ್ಟುಕೊಟ್ಟು ಉಳಿದವರನ್ನು ಕಾಯುತ್ತದೆ, ಬುದ್ಧಿ ಇದ್ದವರು ಮಾಡುವುದೇ ಹಾಗೆ. ಅವಳು ಏನನ್ನೂ ಬರೆಯಲಿಲ್ಲ. ಆ ನಡೆಯಲ್ಲೇ ತಪ್ಪಾಯಿತು ಎನ್ನುವುದೂ ಇತ್ತು, ಇದ್ದೀಯೇನೋ ಎಂದು ಕೂಗುವುದೂ ಇತ್ತು.

ಮರುದಿನ ಮಾನ್ವಿಯಲ್ಲಿ ಶಿಕ್ಷಕರಿಗೆ ತರಬೇತಿ. ಕಲಿಕೆಯನ್ನು ಆಟದಂತೆ ಮಾಡುವುದು ಹೇಗೆ ಎಂದು ವೇದಿಕೆಯ ಮೇಲೆ ಒಬ್ಬರು ಹೇಳುತ್ತಿದ್ದರು, ಸಭೆಯೆಲ್ಲ ಆಕಳಿಸುತ್ತಿತ್ತು. ಪ್ರಿಯದರ್ಶಿನಿ ನೀರು ಕುಡಿಯಲು ಎದ್ದಳು, ಕೂತಳು, ಮತ್ತೆ ಎದ್ದಳು. ಬಾಗಿಲ ಬಳಿ ಹೋದಾಗ ಫೋನ್ ನಡುಗಿತು.

ಆಟ ತೆರೆದಳು. ಕಟ್ಟಡದೊಳಗೆ ಭದ್ರವಾಗಿದ್ದ ಮಾರೆಮ್ಮ ಹೊರಗೆ ಓಡಿ ಬಂದಿದ್ದಳು. ಮಂತ್ರ ಉಳಿಸಿಕೊಂಡಿಲ್ಲ, ಗೋಡೆಯ ಮರೆ ಹುಡುಕಿಲ್ಲ. ನೆಟ್ಟಗೆ ಸೇತುವೆಯ ಮೇಲೆ, ಮರಿಗೂ ಡ್ರೋನುಗಳಿಗೂ ನಡುವೆ, ಕೆಂಪು ಸೆರಗು ಹರಡಿಕೊಂಡು ನಿಂತಿದ್ದಳು. ಮಾಳಿಂಗಪ್ಪನೂ ಮಾಳಿಗೆ ಬಿಟ್ಟಿಳಿದು ಅವಳ ಹಿಂದೆಯೇ ಬಂದಿದ್ದ. ಲೋಕದಲ್ಲಿ ಒಬ್ಬ ದಡ್ಡ ಮಾತ್ರ ಹೀಗೆ ಆಡಬಲ್ಲ. ಆ ದಡ್ಡ ಬದುಕಿದ್ದ.

ಅವಳು ಹೊರಬಂದು ವರಾಂಡದ ಮೆಟ್ಟಿಲ ಮೇಲೆ ಕೂತಳು. ಅಷ್ಟರಲ್ಲಿ ಫೋನ್ ಬಂತು.

“ಅಕ್ಕಾ” ಎಂದ ರೇವಣಸಿದ್ದ. “ಉಂಡೆಯೇನು?”

ಅವಳು ಅತ್ತಳು.

“ಮೊದಲಿನ ಆಟ ನಂದಲ್ಲ. ನಮ್ಮ ದಳದಾಗ ಬೀದರ್ ಕಡೆ ಹುಡುಗ ಒಬ್ಬ ಅದಾನ, ಅಲ್ಲಾಉದ್ದೀನ್ ಅಂತ. ನಾ ಮಂಪರಿನ್ಯಾಗಿದ್ದೆ. ವಾರ ತುಂಬ್ತದ, ಮನಿಯವ್ರು ಗಾಬರಿ ಆಗ್ತಾರ ಅಂತ ಅವನಽ ಆಡಿಬಿಟ್ಟಾನ. ನಿನ್ನ ಫೋನ್ ಎತ್ತಾಕ ಅಂಜ್ಯಾನ.”

“ಎರಡನೇದು?”

“ಎರಡನೇದು ನಂದು. ನಾ ಹೇಳ್ದೆ, ಅವ ಒತ್ತಿದ. ಬ್ಯಾಡ ಭಾಯಿ, ಸೋಲ್ತೀವಿ ಅಂದ. ಮರಿ ಅಲ್ಲಿ ನಿಂತದ, ಹೆಂಗ ಬಿಡ್ಲಿ?”

“ಅವ ಯಾಕ ಒತ್ತಬೇಕು? ನಿನ್ನ ಕೈಗೆ ಏನಾಗ್ಯಾದ?”

“ಹಿಮದಾಗ ಸಿಕ್ಕೊಂಡಿದ್ವಿ. ಬಲಗೈ ಬೆರಳು ಕಪ್ಪಾಗಿದ್ವು. ದವಾಖಾನ್ಯಾಗ ಕತ್ತರಿಸಿ ತಗದಾರ. ಎಡಗೈಗೂ ಪಟ್ಟಿ ಅದ, ಅದು ಉಳೀತದಂತ. ಮನಿಗೆ ನಾನಽ ಹೇಳ್ತೀನಿ ಅಂತ ಸಾಹೇಬ್ರಿಗೆ ಹೇಳಿದ್ದೆ, ಬಾಯಿ ಬರಲಿಲ್ಲ. ಯವ್ವಗ ನೀ ಹೇಳು, ಅಕ್ಕಾ.” ಆಮೇಲೆ, “ಇಡ್ಲೇನು?” ಎಂದ.

ಹೋದದ್ದು ಬೆರಳು, ತಮ್ಮನಲ್ಲ ಎಂದು ಅವಳ ಜೀವ ಹಗುರಾಯಿತು. ಹಗುರಾದದ್ದಕ್ಕೆ ತನ್ನ ಮೇಲೇ ಹೇಸಿಗೆಯೂ ಆಯಿತು. ಕಣ್ಣೊರೆಸಿಕೊಂಡು ಮಸರಕಲ್‌ಗೆ ಫೋನ್ ಮಾಡಿದಳು. ಮಾರೆಮ್ಮ ಮೊದಲ ಗಂಟೆಗೇ ಎತ್ತಿದಳು.

“ಆಡ್ಯಾನ ಯವ್ವಾ.”

ಅಷ್ಟು ಸುಳ್ಳು ಕೇಳಿದವಳು ಈಗ ಹೇಗೆ ನಂಬಬೇಕು?

“ನಾ ಎಲ್ಲಿ ನಿಂತೀನಿ?” ಎಂದು ಕೇಳಿದಳು ಮಾರೆಮ್ಮ.

“ಸೇತುವಿ ಮ್ಯಾಲ. ಮರಿ ಮುಂದ.”

ಮಾರೆಮ್ಮ ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. “ಹಂಗಾದ್ರ ಅವನಽ” ಎಂದಳು. “ನನ್ನ ಮಗನಽ ಆಡ್ಯಾನ.”

“ಹೂಂ ಯವ್ವಾ.”

“ಮತ್ತ ನಿನ್ನ ದನಿ ಯಾಕ ಹಿಂಗದ? ಇನ್ನೂ ಏನೋ ಅದ.”

ಪ್ರಿಯದರ್ಶಿನಿ ತನ್ನ ಬಲಗೈಯನ್ನು ನೋಡಿಕೊಂಡಳು.

“ಹೇಳು” ಎಂದಳು ಮಾರೆಮ್ಮ. “ಕುಂತೀನಿ.”