ಸಮಸಂಖ್ಯೆಯ ಆಟಗಾರ

ನಮ್ಮ ಊಟದ ಮೇಜನ್ನು ನಾನೂ ಸೊಸೆಯೂ ಪಾಲು ಮಾಡಿಕೊಂಡಿದ್ದೇವೆ. ಕಿಟಕಿಯ ಕಡೆಯ ಅರ್ಧ ಅವಳ ಕಚೇರಿ, ಅಡುಗೆಮನೆಯ ಕಡೆಯ ಅರ್ಧ ನನ್ನದು. ಅವಳಿಗೆ ಇಂಟರ್‌ನೆಟ್ಟಿನಲ್ಲಿ ಪೋಕರ್ ಆಡಿಸುವ ಕಂಪನಿಯೊಂದರಲ್ಲಿ ಕೆಲಸ. ಮನುಷ್ಯರ ಹೆಸರಿಟ್ಟುಕೊಂಡು ಇಸ್ಪೀಟಿನ ಮೇಜಿಗೆ ಬಂದು ಕೂರುವ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಹುಡುಕಿ ಹೊರಗೆ ಹಾಕಬೇಕು. ಅವಕ್ಕೆ ಬಾಟ್ ಎನ್ನುತ್ತಾರೆ. ಬಾಟ್‌ಗೆ ದಣಿವಿಲ್ಲ, ಸಿಟ್ಟಿಲ್ಲ, ಲೆಕ್ಕ ತಪ್ಪುವುದಿಲ್ಲ. ಅದರ ಎದುರು ಕೂತವರು ಒಂದು ವಾರ ಸೋತು ಬೇಸತ್ತು ಎದ್ದು ಹೋಗುತ್ತಾರೆ. ಮೇಜು ಖಾಲಿಯಾಗುತ್ತದೆ.

ಅವಳು ಈ ಕೆಲಸಕ್ಕೆ ಸೇರಿದಾಗ ನನಗೆ ಸ್ವಲ್ಪ ಇರಿಸುಮುರಿಸಾಗಿತ್ತು. "ನಾನು ಆಡೋಳಲ್ಲ ಅತ್ತೆ, ಆಡೋ ಜಾಗದ ಪೊಲೀಸು ಅಂದ್ಕೊಳ್ಳಿ" ಎಂದು ಸಮಾಧಾನ ಹೇಳಿದ್ದಳು.

ಆ ಮಧ್ಯಾಹ್ನ ನಾನು ಬಟಾಣಿ ಬಿಡಿಸುತ್ತಿದ್ದೆ. ಅವಳು ಮೂರನೇ ಸಲ ನಿಟ್ಟುಸಿರು ಬಿಟ್ಟಳು.

"ಏನಾಯ್ತೇ?"

"ಐದು ಗಂಟೆಯೊಳಗೆ ಒಂದು ಖಾತೆ ಮುಚ್ಚಬೇಕು. ಕತ್ತರಿ ಎರಡು ಸಲ ನೆನಪಿಸಿ ಆಯ್ತು."

ಕತ್ತರಿ ಎಂದರೆ ಅವಳ ಮೇಲಧಿಕಾರಿ. ಅನುಮಾನ ಬಂದ ಖಾತೆಯನ್ನು ಹಿಂದೆಮುಂದೆ ನೋಡದೆ ಕತ್ತರಿಸುತ್ತಾರೆಂದು ಅವಳ ಕಚೇರಿಯ ಹುಡುಗಿಯರು ಇಟ್ಟ ಹೆಸರು.

"ಮುಚ್ಚು ಮತ್ತೆ. ಬಾಟ್ ತಾನೆ?"

"ನೂರಕ್ಕೆ ತೊಂಬತ್ತೊಂಬತ್ತು ಪಾಲು. ಉಳಿದ ಒಂದು ಪಾಲು ತಲೆ ತಿಂತಿದೆ."

ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಆಟಗಾರನ ಹೆಸರು 'ಮೂರನೇ ಗೇರ್'. ಒಂದೊಂದು ಸಲ ಆಡಲು ಎಷ್ಟು ಸೆಕೆಂಡು ತೆಗೆದುಕೊಂಡಿದ್ದಾನೆ ಎಂಬುದರ ನಕ್ಷೆ ಅಲ್ಲಿತ್ತು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿ ಐವತ್ತು ವರ್ಷವಾಯಿತು. ಆದರೂ ಕಂಬಗಳ ನಕ್ಷೆ ಓದಲು ಇನ್ನೂ ಬರುತ್ತದೆ. ಮನುಷ್ಯರದಾಗಿದ್ದರೆ ಅದು ಒಂದು ಗುಡ್ಡದ ಹಾಗಿರಬೇಕು. ಇದು ಬೇಲಿಯ ಹಾಗಿತ್ತು. ಎರಡು, ನಾಲ್ಕು, ಆರು, ಎಂಟು; ಮೂರು, ಐದು, ಏಳರ ಮೇಲೆ ಒಂದು ಕಂಬವೂ ಇಲ್ಲ.

"ದಿನಕ್ಕೆ ಹನ್ನೆರಡು ಗಂಟೆ ಆಡ್ತಾನೆ. ಯಾರ ಜೊತೆಗೂ ಒಂದು ಮಾತಿಲ್ಲ. ಪರದೆ ಮೇಲೆ ಒಂದು ಪದ ಕಳಿಸಿ, ಮೂವತ್ತು ಸೆಕೆಂಡಲ್ಲಿ ಅದನ್ನೇ ಬರೀ ಅಂತ ಕೇಳ್ತೀವಿ. ಮೂರು ಸಲ ಕೇಳಾಯ್ತು, ಮೂರು ಸಲವೂ ಫೇಲು. ಆದ್ರೆ ಇದು ನೋಡಿ."

ಹಿಂದಿನ ವಾರದ ಒಂದು ಆಟ ತೆರೆದಳು. ಮೂರನೇ ಗೇರ್‌ನ ಕೈಯಲ್ಲಿ ಎರಡು ರಾಜ. ಮೇಜಿನ ಮೇಲೆ ಇನ್ನೊಂದು ರಾಜ, ಎರಡು ಹತ್ತು. ಸೋಲಬೇಕೆಂದರೂ ಸೋಲುವುದು ಕಷ್ಟ. ಎದುರಿಗಿದ್ದವನ ಕೈಯಲ್ಲಿ ಬರೀ ಏಳರ ಜೋಡಿ. ಉಳಿದಿದ್ದ ಚಿಪ್ಸನ್ನೆಲ್ಲ, ಅಂದರೆ ಪಣದ ಬಿಲ್ಲೆಗಳನ್ನೆಲ್ಲ, ಮುಂದೆ ತಳ್ಳಿ ಕೂತಿದ್ದ. ಮೂರನೇ ಗೇರ್ ಇಪ್ಪತ್ತು ಸೆಕೆಂಡು ಸುಮ್ಮನಿದ್ದು, ಎಲೆ ಕೆಳಗಿಟ್ಟು ಪ್ಯಾಕ್ ಮಾಡಿಬಿಟ್ಟಿದ್ದ, ಅಂದರೆ ಗೆಲ್ಲುವ ಆಟವನ್ನೇ ಬಿಟ್ಟುಕೊಟ್ಟಿದ್ದ.

"ಬಾಟ್ ಇಂಥ ದಡ್ಡತನ ಮಾಡಲ್ಲ" ಎಂದಳು.

"ದಡ್ಡತನ ಅಲ್ಲ ಕಣೇ. ಆ ಪಾಪದವನನ್ನ ಉಳಿಸಿದಾನೆ."

"ಅಯ್ಯೋ ಅತ್ತೆ, ನೀವು ಇದನ್ನ ಕತ್ತರಿ ಮುಂದೆ ಹೇಳಿದ್ರೆ ಇನ್ನೂ ಕೆಟ್ಟಿತು! ಬೇಕೂಂತ ಸೋತು ಜೊತೆಗಾರನಿಗೆ ಚಿಪ್ಸ್ ದಾಟಿಸೋದು ಅದಕ್ಕಿಂತ ದೊಡ್ಡ ಮೋಸ. ಈಗ ಒಂದು ತಪ್ಪಿತ್ತು, ನಿಮ್ಮ ಕೃಪೆಯಿಂದ ಎರಡಾಯ್ತು."

ನನಗೆ ನಗು ಬಂತು, ಜೊತೆಗೆ ಹಟವೂ ಬಂತು. "ಜೊತೆಗಾರ ಆಗಿದ್ರೆ ಒಬ್ಬನಿಗೇ ದಾಟಿಸ್ತಾನೆ. ಯಾರ್ಯಾರಿಗೆ ಬಿಟ್ಟುಕೊಟ್ಟಿದಾನೆ, ತೆಗಿ."

ಬಟಾಣಿ ಪಕ್ಕಕ್ಕಿಟ್ಟು ಇಬ್ಬರೂ ಕೂತೆವು. ಎಂಟು ತಿಂಗಳಲ್ಲಿ ಇಪ್ಪತ್ತಮೂರು ಸಲ ಹೀಗೆ ಮಾಡಿದ್ದ. ಇಪ್ಪತ್ತಮೂರೂ ಬೇರೆ ಬೇರೆ ಜನ. ಎಲ್ಲರೂ ಸೇರಿ ತಿಂಗಳಾಗದ ಹೊಸಬರು, ಎಲ್ಲರೂ ಕೊನೆಯ ಚಿಪ್ಸ್ ಇಟ್ಟು ಕೂತವರು. ಯಾರು ಯಾವಾಗ ಸೇರಿದರೆಂಬ ಪಟ್ಟಿ ಮೇಜಿನಲ್ಲಿ ಕೂತವರಿಗೆಲ್ಲ ಕಾಣುತ್ತದೆ.

ಸೊಸೆ ಪೆನ್ನು ಕಚ್ಚಿದಳು. "ಖಾತೆ ತೆರೆದ ಅರ್ಜೀಲಿ ಫೋನ್ ನಂಬರ್ ಇದೆ. ಆದ್ರೆ ಫೋನ್ ಮಾಡೋದು ನಮ್ಮಲ್ಲಿ ರೂಢಿ ಇಲ್ಲ."

"ನೀನು ಮನುಷ್ಯನೇನಪ್ಪಾ ಅಂತ ಕೇಳೋಕೆ ನೀವು ಕಳಿಸಿದ್ದೂ ಒಂದು ಮೆಷಿನ್ನೇ ಅಲ್ವೇನೇ? ಒಂದ್ಸಲ ಮನುಷ್ಯರೇ ಕೇಳಿ ನೋಡಬಾರ್ದಾ?"

ಗಂಟೆ ನಾಲ್ಕು ದಾಟಿತ್ತು. ಅವಳು ನಂಬರು ಒತ್ತಿದಳು.

ಎತ್ತಿದ್ದು ಒಬ್ಬ ಹೆಂಗಸು. ವಿಷಯ ಕೇಳಿದವರೇ ಗಾಬರಿಯಾದರು. "ಖಾತೆ ಮುಚ್ತೀರಾ? ಬೇಡ ತಾಯೀ. ಅವರಿಗೆ ಇಡೀ ದಿನಕ್ಕೆ ಇರೋದು ಅದೊಂದೇ. ತಡೀರಿ, ವಿಡಿಯೋ ಹಾಕ್ತೀನಿ, ನೀವೇ ನೋಡಿ."

ತಲೆಯ ಕಡೆ ಎತ್ತಿಟ್ಟ ಮಂಚದಲ್ಲಿ ಅವರ ಗಂಡ ಒರಗಿದ್ದರು. ಬಸ್ ಡ್ರೈವರ್ ಆಗಿದ್ದವರು. ಆರು ವರ್ಷದ ಹಿಂದೆ ಬಿದ್ದು ಕುತ್ತಿಗೆಗೆ ಪೆಟ್ಟಾದ ಮೇಲೆ ಮುಖ ಬಿಟ್ಟು ಬೇರೇನೂ ಆಡುವುದಿಲ್ಲ, ಮಾತೂ ನಿಂತಿದೆ. ಬಲಗೆನ್ನೆಯ ಪಕ್ಕದಲ್ಲಿ, ಕೋಟಿನ ಗುಂಡಿಯಷ್ಟು ದೊಡ್ಡ ಒಂದು ಸ್ವಿಚ್ಚು. ಮುಂದಿನ ಪರದೆಯ ಮೇಲೆ ಒಂದು ಬೆಳಕು ಪ್ಯಾಕ್, ಮುಂದುವರಿ, ಏರಿಸು ಎಂಬ ಮೂರರ ಮೇಲೆ ಸರದಿಯಂತೆ ನಿಲ್ಲುತ್ತದೆ. ಒಂದೊಂದರ ಮೇಲೂ ಎರಡೆರಡು ಸೆಕೆಂಡು. ಬೇಕಾದ್ದರ ಮೇಲೆ ಬಂದಾಗ ಕೆನ್ನೆ ತಾಗಿಸಿದರೆ, ಆ ಎರಡು ಸೆಕೆಂಡು ಮುಗಿದ ಕೂಡಲೇ ಅದು ಆಟಕ್ಕೆ ಹೋಗುತ್ತದೆ.

"ಎರಡು, ನಾಲ್ಕು, ಆರು" ಎಂದು ಸೊಸೆ ಮೆಲ್ಲಗೆ ಹೇಳಿಕೊಂಡಳು.

"ಅಕ್ಷರಾನೂ ಹೀಗೇ ಆರಿಸ್ಬೇಕು. ಮೂವತ್ತು ಸೆಕೆಂಡಿಗೆ ಒಂದಕ್ಷರ ಬಂದ್ರೆ ಹೆಚ್ಚು" ಎಂದರು ಹೆಂಡತಿ. "ಆದ್ರೆ ಕಿವಿ ಚುರುಕು. ನಾನು ಅಡುಗೆಮನೇಲಿ ಗೊಣಗಿದ್ದೂ ಕೇಳಿಸುತ್ತೆ."

ಮಂಚದ ಮೇಲಿನ ಮುಖ ನಕ್ಕಿತು.

"ಅಣ್ಣಾ, ಇನ್ನೊಂದು ವಿಷಯ ಕೇಳಲೇಬೇಕು" ಎಂದಳು ಸೊಸೆ. "ಗೆಲ್ಲೋ ಎಲೆ ಇಟ್ಕೊಂಡು ಹೊಸಬರಿಗೆ ಯಾಕೆ ಬಿಟ್ಟುಕೊಟ್ರಿ? ಇದಕ್ಕೆ ಉತ್ತರ ಇಲ್ದಿದ್ರೆ ನಮ್ಮ ಸಾಹೇಬ್ರು ಒಪ್ಪಲ್ಲ."

ಕೆನ್ನೆ ಸ್ವಿಚ್ಚಿಗೆ ತಾಗತೊಡಗಿತು. ಹೆಂಡತಿ ಪರದೆಯನ್ನು ನಮಗೆ ಕಾಣುವಂತೆ ಹಿಡಿದರು. ಮೊದಲ ಪದ ಅರ್ಧ ಬರುವಷ್ಟರಲ್ಲಿ ಅದು ಏನೆಂದು ನನಗೆ ತಿಳಿದಿತ್ತು, ಸೊಸೆಗೂ ತಿಳಿದಿತ್ತು. ಮಾತಿನಲ್ಲಿ ಮಹಾ ಅವಸರದವಳು, ನನ್ನ ವಾಕ್ಯಗಳನ್ನೆಲ್ಲ ಅವಳೇ ಮುಗಿಸುವವಳು, ಅಂದು ತುಟಿ ಬಿಗಿಹಿಡಿದು ಕೂತಳು. ಹದಿನೇಳು ನಿಮಿಷ ಹಿಡಿಯಿತು. ಒಂದಕ್ಷರವನ್ನೂ ಅವಳು ಕಸಿದುಕೊಳ್ಳಲಿಲ್ಲ.

"ಹೊಸಬರು ಎದ್ದು ಹೋದ್ರೆ ಬರೀ ಬಾಟ್ ಉಳೀತಾವೆ. ಆಮೇಲೆ ಯಾರ ಜೊತೆ ಆಡ್ಲಿ. ತಿಂಗಳು ದಾಟಿದ್ರೆ ಬಿಡಲ್ಲ."

"ಬಿಡಲ್ಲ, ಆಡೋಕೆ ಕೂತ್ರೆ ನನ್ನನ್ನೇ ಬಿಡಲ್ಲ" ಎಂದರು ಹೆಂಡತಿ. "ಮದುವೆ ಆಗಿ ತಿಂಗಳು ದಾಟಿ ಹೋಯ್ತಲ್ಲ!"

ಸೊಸೆ ಕತ್ತರಿಯವರಿಗೆ ಫೋನ್ ಹಚ್ಚಿ ಎಲ್ಲ ಹೇಳಿದಳು. ನನಗೂ ಕೇಳಿಸಲೆಂದು ಸ್ಪೀಕರ್ ಹಾಕಿದ್ದಳು.

"ಅದೆಲ್ಲ ಸರಿಯಮ್ಮ. ಪರೀಕ್ಷೇಲಿ ಪಾಸಾಗಿಲ್ವಲ್ಲ?"

"ಮೂವತ್ತು ಸೆಕೆಂಡು ಅಂತ ಬರೆದೋರಿಗೆ ಎರಡು ಕೈ ಇತ್ತು ಸರ್."

ಆ ಕಡೆ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು.

"ಎಷ್ಟು ಬೇಕು ಅವರಿಗೆ?"

"ಹತ್ತು ನಿಮಿಷ."

"ಹದಿನೈದು ಹಾಕು. ಅವಸರ ಮಾಡಿಸ್ಬೇಡ. ಇಂಥೋರು ಇನ್ನೆಷ್ಟು ಜನರನ್ನ ಹೊರಗೆ ಹಾಕಿದ್ದೀವೋ, ನಾಳೆ ಹಳೇ ಪಟ್ಟಿ ತೆಗಿ. ನಾನೂ ಕೂತ್ಕೋತೀನಿ."

ಅವರಿಗೆ ಕತ್ತರಿ ಎಂಬ ಹೆಸರು ಅಷ್ಟೇನೂ ಒಪ್ಪುವುದಿಲ್ಲ ಎಂದು ನನಗನ್ನಿಸಿತು.

ಪರೀಕ್ಷೆಯ ಪದ 'ಕಿತ್ತಳೆ'. ಮೂರನೇ ಗೇರ್ ಅದನ್ನು ಒಂದು ನಿಮಿಷ ಮೂವತ್ತೆಂಟು ಸೆಕೆಂಡಿನಲ್ಲಿ ತಪ್ಪಿಲ್ಲದೆ ಬರೆದರು. ಸೊಸೆ ಖಾತೆಯ ಮೇಲಿದ್ದ ಕೆಂಪು ಗುರುತು ತೆಗೆದಾಗ ಐದಕ್ಕೆ ಇನ್ನೂ ಒಂಬತ್ತು ನಿಮಿಷವಿತ್ತು. ಧನ್ಯವಾದ ಹೇಳುತ್ತಿದ್ದ ಹೆಂಡತಿ ನಡುವೆ ನಿಲ್ಲಿಸಿ, "ಮಾತು ಮುಗೀತಾ ಅಂತ ಕಣ್ಣಲ್ಲೇ ಕೇಳ್ತಿದಾರೆ, ಮೇಜಿನ ಹತ್ರ ಜನ ಕಾಯ್ತಿದಾರಂತೆ" ಎಂದು ನಗುತ್ತ ಫೋನ್ ಇಟ್ಟರು.

ನಾವು ಆ ಮೇಜನ್ನು ನೋಡುತ್ತ ಕೂತೆವು. ಯಾರೋ ಒಬ್ಬ ಇದ್ದದ್ದನ್ನೆಲ್ಲ ಮುಂದೆ ತಳ್ಳಿದ. ಮೂರನೇ ಗೇರ್‌ನ ಕೈಯಲ್ಲಿ ಎರಡು ಎಕ್ಕ.

"ಪಾಪ, ಆ ಮನುಷ್ಯ ಸೇರಿ ಎಷ್ಟು ದಿನ ಆಯ್ತೇ?" ಎಂದೆ.

ಸೊಸೆ ಪಟ್ಟಿ ನೋಡಿದಳು. "ಐದು ವಾರ ಅತ್ತೆ."

ಮೂರನೇ ಗೇರ್ ನಾಲ್ಕು ಸೆಕೆಂಡಿಗೆ ಮುಂದುವರಿದರು. ಆ ಮನುಷ್ಯನ ಚಿಪ್ಸೆಲ್ಲ ಒಂದೇ ಸಲಕ್ಕೆ ಡ್ರೈವರ್ ಸಾಹೇಬರ ಮುಂದೆ ಬಂದು ಬಿತ್ತು. ಸೊಸೆ ಚಪ್ಪಾಳೆ ತಟ್ಟಿದ ರಭಸಕ್ಕೆ ನನ್ನ ಬಟಾಣಿಯ ಬಟ್ಟಲು ಉರುಳಿತು. ಇಬ್ಬರೂ ಮೇಜಿನ ಕೆಳಗೆ ತೂರಿ, ಒಂದೊಂದಾಗಿ ಆರಿಸಿದೆವು.